ಧ್ಯೇಯಮೂರ್ತಿಗಳ ಗಿರಾಕಿ

ಧ್ಯೇಯಮೂರ್ತಿಗಳನ್ನು ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಬಾರದು. ಕೆಲಸ ಹೊಟ್ಟೆಪಾಡಿನವರದ್ದು, ಅವರದ್ದು ಧ್ಯೇಯ. ಮನೆಯಲ್ಲಿಟ್ಟ ಹೆಸರು ಬೇರೇನೋ ಇದೆ. ಆದರೆ ಇಂದಿರಾನಗರದಿಂದ ವೈಟ್‌ಫೀಲ್ಡ್‌ವರೆಗೆ ಯಾವ ಕೆಫೆಗೆ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುವುದರಿಂದ ಎಲ್ಲರಿಗೂ ಈ ಒಂದೇ ಹೆಸರು ಸಾಕು. ಗುರುತು: ಖಾದಿ ಜುಬ್ಬಾ, ಗರಿಗರಿ ಇಸ್ತ್ರಿ, ಕಾಲಲ್ಲಿ ಜುಬ್ಬಾದ ಹತ್ತರಷ್ಟು ಬೆಲೆಯ ಬೂಟು, ಲ್ಯಾಪ್‌ಟಾಪಿನ ಬೆನ್ನಿಗೆ ಹುಲಿ, ಆಲದ ಮರ, ಗಾಂಧಿ ಕನ್ನಡಕದ ಸ್ಟಿಕ್ಕರು.

ಮೊದಲು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ‘ಇದೆಲ್ಲ ಯಾತಕ್ಕೆ?’ ಅನ್ನಿಸಿತಂತೆ. ನಮಗೂ ಪ್ರತಿ ಸೋಮವಾರ ಬೆಳಿಗ್ಗೆ ಅನ್ನಿಸುವುದು ಅದೇ. ಮನೆ ಸಾಲ ತೀರಿದ ಮೇಲೆ ಅನ್ನಿಸಿದರೆ ಅದಕ್ಕೆ ಜ್ಞಾನೋದಯ ಎನ್ನುತ್ತಾರೆ, ಅಷ್ಟೆ.

ಈಗ ಅವರು ಕಂಪನಿಗಳ ಸಮಾಜಸೇವೆಗೆ ದಾರಿ ತೋರಿಸುವ ಸಲಹೆಗಾರರು. “ನಾನು ಎಲ್ಲರ ಜೊತೆ ಕೆಲಸ ಮಾಡಲ್ಲ ಸಾರ್. ಮೊದಲು ಮೌಲ್ಯಗಳು ಹೊಂದಬೇಕು” ಎನ್ನುತ್ತಾ ಆದರ್ಶ ಗಿರಾಕಿಯ ಲಕ್ಷಣಗಳನ್ನು ಹೇಳತೊಡಗಿದರೆ, ಹೆಣ್ಣು ನೋಡಲು ಹೊರಟ ಸೋದರತ್ತೆಯೂ ಅವರ ಮುಂದೆ ಸಪ್ಪೆ. ತಂಬಾಕಿನವರು ಬೇಡ. ಹೆಂಡದವರು ಬೇಡ. ಕೆರೆಗೆ ಕೊಳೆನೀರು ಬಿಡುವವರು ಬೇಡವೇ ಬೇಡ. ಇದು ಏಪ್ರಿಲ್ ತಿಂಗಳ ಪಟ್ಟಿ. ದಸರೆಯ ಹೊತ್ತಿಗೆ ಪಟ್ಟಿ ಸ್ವಲ್ಪ ಸಡಿಲವಾಗುತ್ತದೆ: ಹೆಂಡ ಬೇಡ, ಅದೇ ಹೆಸರಿನ ಸೋಡಾ ಆಗಬಹುದು. ಸಂಕ್ರಾಂತಿ ಕಳೆದ ಮೇಲೆ ಕೆರೆಯವರನ್ನೂ ಒಳಗಿನಿಂದಲೇ ತಿದ್ದಬಹುದು ಎಂಬ ಉದಾತ್ತ ನಿಲುವಿಗೆ ಬಂದಿರುತ್ತಾರೆ.

ಸಂಕ್ರಾಂತಿಗೂ ಮೌಲ್ಯಕ್ಕೂ ಏನು ನಂಟು ಎಂದು ತಿಳಿಯಬೇಕಾದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮು ಓದಬೇಕು. ಐನೂರು ಕೋಟಿ ನಿವ್ವಳ ಮೌಲ್ಯವೋ, ಸಾವಿರ ಕೋಟಿ ವಹಿವಾಟೋ, ಐದು ಕೋಟಿ ನಿವ್ವಳ ಲಾಭವೋ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಮೊದಮೊದಲು ಖರ್ಚಾಗದಿದ್ದರೆ ವರದಿಯಲ್ಲಿ ಕಾರಣ ಬರೆದರೆ ನಡೆಯುತ್ತಿತ್ತು. ನಾವು ಹೋಮ್‌ವರ್ಕ್ ಮಾಡದೆ ಹೋದಾಗ ಬರೆದಂಥವೇ ಕಾರಣಗಳು. 2021ರಿಂದ ಆ ಆಟ ನಿಂತಿತು. ಉಳಿದ ಹಣ ಅರ್ಧಕ್ಕೆ ನಿಂತ ಯೋಜನೆಯದ್ದಾದರೆ ಮೂವತ್ತು ದಿನದೊಳಗೆ ಬೇರೆ ಖಾತೆಗೆ, ಇಲ್ಲವಾದರೆ ಆರು ತಿಂಗಳೊಳಗೆ ಕಾಯ್ದೆ ಹೇಳಿದ ಸರ್ಕಾರಿ ನಿಧಿಗೆ ಹೋಗಬೇಕು. ನಿಧಿಗೆ ಹೋದ ಹಣದ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ! ಹೀಗಾಗಿ ಮಾರ್ಚ್ ಬಂತೆಂದರೆ ಕಂಪನಿಗಳಿಗೆ ಬಡವರ ನೆನಪು ಒತ್ತರಿಸಿಕೊಂಡು ಬರುತ್ತದೆ.

ಧ್ಯೇಯಮೂರ್ತಿಗಳ ನಿಜವಾದ ಪ್ರತಿಭೆ ಇರುವುದು ಇಲ್ಲಿ. ಫೋನಿನ ಆ ತುದಿಯಲ್ಲಿರುವ ಲೆಕ್ಕಾಧಿಕಾರಿಯ ಕೆಮ್ಮಿನಲ್ಲೇ ಎಷ್ಟು ಹಣ ಉಳಿದಿದೆ ಎಂದು ಅಂದಾಜು ಮಾಡಬಲ್ಲರು. ದನಿ ನಡುಗಿದರೆ ಮೌಲ್ಯಗಳು ಹೊಂದಿದವು ಎಂದೇ ಲೆಕ್ಕ. ಅವರನ್ನು ಹಂಗಿಸುವುದು ಸುಲಭ. ಆದರೂ ಒಪ್ಪಬೇಕು: ಇಂಥವರ ಓಡಾಟದಿಂದ ಹೆಣ್ಣುಮಕ್ಕಳಿಗೆ ಶೌಚಾಲಯ ಕಂಡ ಶಾಲೆಗಳಿವೆ. ಕೆಲವಕ್ಕೆ ನೀರೂ ಬಂದಿದೆ.

ಇಂಥ ಧ್ಯೇಯಮೂರ್ತಿಗಳ ಎದುರಿಗೆ ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯ ಹೆಡ್‌ಮಾಸ್ತರೊಬ್ಬರು ಅರ್ಜಿ ಹಿಡಿದು ಕೂತರು ಎನ್ನಿ. ನಡೆಯುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ.

“ಹೇಳಿ ಮೇಷ್ಟ್ರೇ, ಏನು ಸಮಸ್ಯೆ?”

“ಹೆಂಚು ಮಾರಾಯ್ರೆ. ಮಳೆ ಹಿಡಿದರೆ ಐದನೇ ಕ್ಲಾಸು ಮೂರನೇ ಕ್ಲಾಸಲ್ಲಿ ಕೂರ್ತದೆ.”

“ಅದು ಮೇಲಿಂದ ಕಾಣೋದು. ಮೂಲ ಸಮಸ್ಯೆ ಏನು?”

“ಮಳೆ.”

“ಸರಿ. ನಿಮ್ಮ ಬದಲಾವಣೆಯ ಸಿದ್ಧಾಂತ?”

“ಒಡೆದ ಹೆಂಚು ತೆಗೆದು ಬೇರೆ ಹೊದೆಸೋದು.”

ಧ್ಯೇಯಮೂರ್ತಿಗಳು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. “ಕಂಪನಿಗಳು ಮೊದಲು ತಮ್ಮ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ ಕಾಯ್ದೇಲೇ ಇದೆ. ನಿಮ್ಮ ಹತ್ತಿರ ಯಾವುದಾದರೂ ಕಂಪನಿ?”

“ರೈಸ್‌ಮಿಲ್ ಉಂಟು.”

“ಐದು ಕೋಟಿ ಲಾಭ ಬರುತ್ತಾ?”

“ಬರುವ ಹಾಗಿದ್ರೆ ನಾನು ರಾತ್ರಿ ಬಸ್ ಹತ್ತಿ ಇಲ್ಲಿವರೆಗೆ ಬರ್ತಿದ್ನಾ?”

ಹೆಂಚಿನಲ್ಲಿ ಕಥೆಯಿಲ್ಲ ಎಂಬುದು ಧ್ಯೇಯಮೂರ್ತಿಗಳ ತೀರ್ಪು. ಮೇಷ್ಟ್ರು ಅರ್ಧ ಕಪ್ಪಿಗೆ ಮುನ್ನೂರು ರೂಪಾಯಿಯ ಕಾಫಿ ಕುಡಿದು, ಇದಕ್ಕಿಂತ ನಮ್ಮನೆ ಕಾಫಿಯೇ ಚೆನ್ನಾಗಿರ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಊರ ಬಸ್ಸು ಹಿಡಿಯುತ್ತಾರೆ.

ಮಾರ್ಚ್ ಕೊನೆಯ ವಾರ ಫೋನು. ಕಂಪನಿಯೊಂದರ ದನಿ ನಡುಗಿದೆ, ಆದ್ಯತೆಯ ಸುತ್ತಳತೆ ಈಗ ತೀರ್ಥಹಳ್ಳಿಯವರೆಗೆ ಹಿಗ್ಗಿದೆ. ಹೆಂಚಿಗಲ್ಲ, ಸ್ಮಾರ್ಟ್ ಕ್ಲಾಸಿಗೆ. ಗೋಡೆಯಗಲದ ಟಿವಿ ಬಂತು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಕಾಯಿ ಒಡೆದರು. ಕಂಪನಿಯವರು ಮಕ್ಕಳ ನಡುವೆ ನಿಂತು ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡರು. ಜೂನ್ ಬಂದಾಗ ಐದನೇ ಕ್ಲಾಸು ಎಂದಿನಂತೆ ಮೂರನೇ ಕ್ಲಾಸಿಗೆ ಹೋಯಿತು. ಟಿವಿ ಮಾತ್ರ ಅಡಿಕೆ ಮುಚ್ಚುವ ಟಾರ್ಪಾಲು ಹೊದ್ದು ಐದರಲ್ಲೇ ಉಳಿಯಿತು.

ಮೇಷ್ಟ್ರು ಆ ಮಳೆಗಾಲವಿಡೀ ಕೂತು ಕಂಪನಿಯ ವರದಿಯನ್ನು ಎರಡೆರಡು ಬಾರಿ ಓದಿದರು. ಮುಂದಿನ ಫೆಬ್ರವರಿಯಲ್ಲಿ ಧ್ಯೇಯಮೂರ್ತಿಗಳಿಗೆ ಅವರಿಂದ ಇನ್ನೊಂದು ಅರ್ಜಿ ಬಂತು. ವಿಷಯ: ‘ಡಿಜಿಟಲ್ ಕಲಿಕಾ ಸಾಧನಗಳ ಸುಸ್ಥಿರತೆಗಾಗಿ ಹವಾಮಾನ ನಿರೋಧಕ ಊರ್ಧ್ವ ರಕ್ಷಾ ವ್ಯವಸ್ಥೆ’. ಒಳಗೆ ಅಂದಾಜು ಪಟ್ಟಿ: ಮಂಗಳೂರು ಹೆಂಚು, ರೀಪು, ಮೊಳೆ, ಆಚಾರಿ ಕೂಲಿ.

ಹದಿನೈದೇ ದಿನದಲ್ಲಿ ಮಂಜೂರಾಯಿತು. ಇಂಥ ದೂರದೃಷ್ಟಿಯ ಶಾಲೆಯನ್ನು ತಾವೇ ಗುರುತಿಸಿದ್ದು ಎಂದು ಧ್ಯೇಯಮೂರ್ತಿಗಳು ಎರಡು ಸಭೆಗಳಲ್ಲಿ ಹೇಳಿಕೊಂಡರು. ಪರಿಣಾಮ ಅಳೆಯಲು ಯಾವಾಗ ಬರಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಉತ್ತರ ಬರೆದರು: “ಜುಲೈನಲ್ಲೇ ಬನ್ನಿ ಮಾರಾಯ್ರೆ. ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಕೊಡೆ ಬೇಕು. ಒಳಗೆ ಬೇಡ.”