ಪಾರ್ಟ್ ದುಡ್ಡು ಮೊದಲೇ ಸಾರ್

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆಂದು ಹತ್ತು ತಿಂಗಳ ಅಡ್ವಾನ್ಸನ್ನು ತುಟಿಪಿಟಕ್ಕೆನ್ನದೆ ಎಣಿಸಿ ಕೊಟ್ಟವನು ನಾನು. ಛತ್ರಕ್ಕೆ ಕೊಟ್ಟಿದ್ದೇನೆ, ಅಡುಗೆಯವರಿಗೆ ಕೊಟ್ಟಿದ್ದೇನೆ, ಓಲಗದವರಿಗೂ ಕೊಟ್ಟಿದ್ದೇನೆ. ಮುಖವನ್ನೇ ನೋಡದ ಆನ್‌ಲೈನ್ ವ್ಯಾಪಾರಿಗೆ, ಚಪ್ಪಲಿ ಕಾಲಿಗೆ ಹಿಡಿಸುತ್ತದೋ ಇಲ್ಲವೋ ತಿಳಿಯುವ ಮುಂಚೆಯೇ ಪೂರ್ತಿ ದುಡ್ಡು ಸಲ್ಲಿಸಿದ್ದೇನೆ. ಆದರೆ ನಮ್ಮ ರಸ್ತೆಯ ಮಿಕ್ಸಿ ರಿಪೇರಿಯವರು "ಆರ್ಮೇಚರ್ ದುಡ್ಡು ಮೊದಲೇ ಕೊಟ್ಬಿಡಿ ಸಾರ್" ಎಂದಾಗ ಮಾತ್ರ ನಮ್ಮ ವಂಶದ ಮರ್ಯಾದೆಯೆಲ್ಲ ಒಟ್ಟಿಗೆ ಎದ್ದು ನಿಂತಿತು.

ಬರೀ ಕಪ್ಲರ್ ಹೋಗಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅದು ಮೋಟಾರು ಉಳಿಯಲೆಂದು ತಾನು ಮುರಿದುಕೊಳ್ಳುವ ಪರೋಪಕಾರಿ. ಡಬ್ಬಿಯಿಂದ ತೆಗೆದು ಹಾಕಿದರೆ ಮುಗಿಯಿತು. ನಮ್ಮ ಮನೆಯ ಹುಳಿಪುಡಿ ಆರ್ಮೇಚರನ್ನೇ ಸುಟ್ಟಿತ್ತು.

"ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವೇನ್ರೀ?" ಎಂದೆ. ದನಿ ಸ್ವಲ್ಪ ನಡುಗಲೂ ಬಿಟ್ಟೆ.

ಅವರು ಕೈಯಲ್ಲಿದ್ದ ಟೆಸ್ಟರಿನಿಂದ ಅಟ್ಟದ ಕಡೆ ತೋರಿಸಿದರು. ಅಟ್ಟದ ತುಂಬ ಮಿಕ್ಸಿಗಳು, ಮಾವನ ಮನೆಯಲ್ಲಿ ಉಳಿದುಹೋದ ಅಳಿಯಂದಿರಂತೆ, ಹೋಗುವ ಯಾವ ಲಕ್ಷಣವೂ ಇಲ್ಲದೆ ಕೂತಿದ್ದವು. ಎಲ್ಲವೂ ರಿಪೇರಿಯಾದವೇ. ಒಂದೊಂದರ ಹೊಟ್ಟೆಗೂ ಬಿಳಿ ಟೇಪು, ಟೇಪಿನ ಮೇಲೆ ಪೆನ್ನಿನಲ್ಲಿ ಗಿರಾಕಿಯ ಗುರುತು. ಹೆಸರು ಬರೆಯುವ ಅಭ್ಯಾಸ ಅವರಿಗಿಲ್ಲ. 'ನಾಯಿ ಮನೆ.' 'ಕನ್ನಡಕದ ಮೇಡಂ, ಬೈತಾರೆ.' 'ಮಗಳ ಮದುವೆ ಆದ್ಮೇಲೆ.'

"ಮದುವೆ ಆಯ್ತಂತಾ?"

"ಮೊಮ್ಮಗು ಎಲ್‌ಕೆಜಿ ಸಾರ್. ಮದುವೇಲಿ ನಾಲ್ಕು ಮಿಕ್ಸಿ ಉಡುಗೊರೆ ಬಂತಂತೆ. ಇದ್ಯಾಕೆ ಬೇಕು?"

ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಮನುಕುಲದ ಮಾನ ಉಳಿಸುವ ಹೊಣೆ ಅಂದು ನನ್ನ ತಲೆಗೇ ಬಂದಿತ್ತು. ಸ್ಟೂಲು ಹತ್ತಿದೆ. ಒಂದೊಂದೇ ಮಿಕ್ಸಿಯ ಟೇಪು ಓದಿ, ಒಳ್ಳೆಯವರ ಮನೆಯದಿರಬಹುದು ಅನ್ನಿಸಿದ ಒಂದನ್ನು ಆರಿಸಿದೆ. ಅದರ ಮೇಲೆ ಬರೆದಿದ್ದದ್ದು 'ನಾಳೆ ಬರ್ತೀನಿ.' ಇಷ್ಟು ಸಜ್ಜನಿಕೆಯ ಮಾತಾಡಿ ಹೋದವನು ಮೋಸ ಮಾಡುತ್ತಾನೆಯೇ? "ಫೋನ್ ಮಾಡಿ, ನಾನೇ ಮಾತಾಡ್ತೀನಿ" ಎಂದೆ. ಅವರು ನಂಬರು ಹುಡುಕಿದರು, ಸ್ಪೀಕರಿಗೆ ಹಾಕಿದರು. ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗ ಕೆಲಸ ಬಿಟ್ಟು ಬಂದು ನಿಂತ. ನಾನು ಸ್ಟೂಲಿನ ಮೇಲೇ ಗಂಟಲು ಸರಿಮಾಡಿಕೊಂಡೆ. "ನಮಸ್ಕಾರ ಸಾರ್, ನಿಮ್ಮ ಮಿಕ್ಸಿ ವಿಚಾರ..." ಎಂದು ಶುರುಮಾಡಿದೆ.

"ನಾಳೆ ಬರ್ತೀನಿ" ಎಂದಿತು ದನಿ. ಕಟ್ಟಾಯಿತು.

ಸ್ಟೂಲಿನಿಂದ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಇಳಿದು ಅಡ್ವಾನ್ಸ್ ಕೊಟ್ಟೆ. ನನ್ನ ಮಿಕ್ಸಿಗೂ ಟೇಪು ಬಿತ್ತು: 'ಸ್ಟೂಲ್ ಸಾರ್.' ಒಳಗೊಳಗೇ ಖುಷಿಯಾಯಿತೆಂದರೆ ನೀವು ನಗಬಾರದು. 'ಬೈತಾರೆ' ಎಂದು ಬರೆಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಕಾನೂನು ರಿಪೇರಿಯವರ ಪರವಾಗಿಯೇ ಇದೆ. 1872ರ ಭಾರತೀಯ ಕರಾರು ಕಾಯಿದೆಯ 170ನೇ ಸೆಕ್ಷನ್ ಪ್ರಕಾರ, ಕೂಲಿ ಸಲ್ಲುವವರೆಗೆ ವಸ್ತುವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕು ಅವರಿಗುಂಟು. ಇಟ್ಟುಕೊಳ್ಳುವ ಹಕ್ಕು ಮಾತ್ರ. ಆ ಸೆಕ್ಷನ್ನು ಮಾರುವ ಹಕ್ಕು ಕೊಡುವುದಿಲ್ಲ. ಅಂದರೆ ಧೂಳು ಒರೆಸುವ ಹಕ್ಕು. ಅಷ್ಟರಲ್ಲಿ ಎಸ್.ಪಿ. ರೋಡಿನಿಂದ ತಂದ ಆರ್ಮೇಚರಿನ ದುಡ್ಡು ಅವರ ಜೇಬಿನಿಂದ ಹೋಗಿರುತ್ತದೆ. ಒಂದು ಮಾಡೆಲ್ಲಿನ ಆರ್ಮೇಚರ್ ಇನ್ನೊಂದಕ್ಕೆ ಕೂರುತ್ತದೆಂಬ ಖಾತ್ರಿಯಿಲ್ಲ. ಬಿಲ್ಲಾದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದೂ ಇಲ್ಲ. ನಾವು ಹಬ್ಬದ ಆಫರ್‌ನಲ್ಲಿ ಹೊಸ ಮಿಕ್ಸಿ ತಂದು ಸಂಭ್ರಮಿಸುವಾಗ, ಆ ಸಂಭ್ರಮದ ಒಂದು ಕಂತನ್ನು ಆ ಮನುಷ್ಯ ಕಟ್ಟುತ್ತಿರುತ್ತಾನೆ. ಅಂಗಡಿ ಬಾಡಿಗೆ ಬೇರೆ.

ನನಗೆ ಸಿಟ್ಟು ಬರುವುದು ಇಲ್ಲಿ. ದೊಡ್ಡ ಕಂಪನಿಯ ಸರ್ವೀಸ್ ಹುಡುಗ ಮನೆಗೆ ಬಂದು, ವಾಷಿಂಗ್ ಮೆಷಿನ್ನಿನ ಮುಚ್ಚಳ ತೆರೆದು, "ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ" ಎನ್ನುವುದಕ್ಕೂ ವಿಸಿಟಿಂಗ್ ಚಾರ್ಜು ಉಂಟು. ಅವನಿಗೆ ನೀರು ಕೊಟ್ಟು, ಓಟಿಪಿ ಹೇಳಿ, ಐದು ಸ್ಟಾರೂ ಒತ್ತಿ ಕಳಿಸುತ್ತೇವೆ. ನಂಬಿಕೆಯ ಪ್ರಶ್ನೆ ಏಳುವುದು ಗಲ್ಲಿಯ ಅಂಗಡಿಯ ಮುಂದೆ ಮಾತ್ರ.

ಹಾಗೆಂದು ಅಡ್ವಾನ್ಸ್ ಇಸಕೊಂಡು "ಪಾರ್ಟ್ ಬಂದಿಲ್ಲ ಸಾರ್" ಎಂದು ಸಂಕ್ರಾಂತಿಯನ್ನು ಯುಗಾದಿಗೆ ತಳ್ಳುವವರೂ ಇದ್ದಾರೆ, ಅವರ ವಕಾಲತ್ತು ನನ್ನದಲ್ಲ. ಪಾರ್ಟಿನ ದುಡ್ಡು ಮೊದಲು, ಕೂಲಿ ಮಿಕ್ಸಿ ತಿರುಗಿದ ಮೇಲೆ: ಇದು ನನ್ನ ತೀರ್ಪು. ಚೀಟಿ ಬರೆಸಿಕೊಳ್ಳಿ, ಸುಟ್ಟ ಆರ್ಮೇಚರನ್ನು ಕೇಳಿ ಪಡೆಯಿರಿ. ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯಿದೆ. ಮತ್ತೆ, ನಿಮ್ಮದೊಂದು ಮಿಕ್ಸಿ ಯಾವುದಾದರೂ ಅಟ್ಟದ ಮೇಲಿದ್ದರೆ ದಯವಿಟ್ಟು ಇವತ್ತೇ ಹೋಗಿ ಬಿಡಿಸಿಕೊಂಡು ಬನ್ನಿ. ಜಾರ್ ಒಯ್ಯಿರಿ, ಹಾಕಿ ಓಡಿಸಿ ನೋಡಬೇಕಾಗುತ್ತದೆ.