ಹೊಸ ಹೆಡ್‌ಮೇಷ್ಟ್ರು

ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಕಾಗದದ ಮೇಲೆ ‘ಬಿ’ ಗುಂಪಿನ ಪತ್ರಾಂಕಿತ ಅಧಿಕಾರಿ. ಗೇಟು ದಾಟಿ ಒಳಗೆ ಬರುವವರೆಗೆ ಸ್ಟಾಫ್ ರೂಮಿನ ಪಾಲಿಗೆ ಅವರು ಬರೀ ಸುದ್ದಿ. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯ ಶಾಲೆಯೊಂದಕ್ಕೆ ಇಂಥವರು ಬರುತ್ತಾರೆಂದು ಕೌನ್ಸೆಲಿಂಗಿನಲ್ಲಿ ತೀರ್ಮಾನವಾದ ಗಳಿಗೆಯಲ್ಲೇ ಅವರ ಹಿಂದಿನ ಶಾಲೆಗೆ ಫೋನು ಹೋಗಿರುತ್ತದೆ. ಆ ಕಡೆಯ ಉತ್ತರ ಎರಡೇ ಬಗೆ: ‘ಒಳ್ಳೇರು ಸಾ’, ಇಲ್ಲವೇ ‘ಒಳ್ಳೇರೇ, ಆದ್ರೆ ಸ್ವಲ್ಪ ರೂಲ್ಸು’. ಮೊದಲನೆಯದನ್ನು ಯಾರೂ ನಂಬುವುದಿಲ್ಲ. ಸಾಗಹಾಕಿದ ಸಂತೋಷಕ್ಕೆ ಆಡಿದ ಮಾತಿರಬಹುದು. ಎರಡನೆಯದನ್ನು ಎಲ್ಲರೂ ನಂಬುತ್ತಾರೆ.

ಆಮೇಲಿನ ಲೆಕ್ಕ ಹುಟ್ಟಿದ ತಾರೀಖಿನದು. ಸಹಶಿಕ್ಷಕರು ಜ್ಯೇಷ್ಠತಾ ಪಟ್ಟಿಯಲ್ಲಿ ಕಾದು ಬಡ್ತಿ ಪಡೆಯುವಷ್ಟರಲ್ಲಿ ತಲೆ ನರೆತಿರುತ್ತದೆ, ನಿವೃತ್ತಿಯ ವಯಸ್ಸು 60. ಎರಡು ವರ್ಷದ ಸರ್ವೀಸು ಉಳಿದವರಾದರೆ ಸ್ಟಾಫ್ ರೂಮು ನಿರಾಳ. ಪಿಂಚಣಿ ಕಾಗದದ ಚಿಂತೆಯಲ್ಲಿರುವವರು ಇನ್ನೊಬ್ಬರಿಗೆ ಮೆಮೊ ಬರೆಯುವುದು ಕಡಿಮೆ. ಅಪರೂಪಕ್ಕೆ ತಲೆ ಕಪ್ಪಗಿರುವವರು ಬಂದರೆ ವರ್ಗಾವಣೆ ಬಯಸುವವರ ಸಂಖ್ಯೆ ಆ ವರ್ಷ ತಾನಾಗಿ ಹೆಚ್ಚುತ್ತದೆ.

ಬಂದ ದಿನ ಹಾರ, ಶಾಲು, ಎಳನೀರು. ‘ನಾನು ಅಧಿಕಾರಿಯಲ್ಲ, ನಿಮ್ಮಲ್ಲೊಬ್ಬ’ ಎಂದು ಅವರು ಭಾಷಣ ಮಾಡುತ್ತಾರೆ. ಹಿಂದಿನವರೂ ಅದನ್ನೇ ಅಂದಿದ್ದರಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿ, ಕಣ್ಣನ್ನು ಮಾತ್ರ ಅವರ ಜೇಬಿನ ಪೆನ್ನಿನ ಮೇಲಿಟ್ಟಿರುತ್ತಾರೆ. ಕೆಂಪು ಇಂಕಿನದೊಂದು ಇದ್ದರೆ ಹಾಜರಾತಿ ಪುಸ್ತಕದ ಭವಿಷ್ಯ ಗೊತ್ತಾದಂತೆಯೇ.

ಈ ಸೀಮೆಯಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಕಾಯಿ ಕೊಬ್ಬರಿಯಾಯಿತೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ನೀರು ಕುಲುಕಿದರೆ ಇನ್ನೂ ಬಿಡಬೇಕು, ಒಳಗೆ ಗಿಟುಕು ಆಡಿದರೆ ಸುಲಿಯಬಹುದು. ಹೊಸ ಹೆಡ್‌ಮೇಷ್ಟ್ರನ್ನೂ ಮೊದಲ ವಾರ ಹೀಗೇ ಅಲ್ಲಾಡಿಸುತ್ತಾರೆ. ತಿಪಟೂರಿನಿಂದ ಬಸ್ಸಿನಲ್ಲಿ ಬರುವವರು ಒಂದು ಬಸ್ಸು ತಡವಾಗಿ ಬಂದು ನೋಡುತ್ತಾರೆ. ಮತ್ತೊಬ್ಬರು ಶನಿವಾರಕ್ಕೆ ಸಿ.ಎಲ್. ಕೇಳುತ್ತಾರೆ. ದೈಹಿಕ ಶಿಕ್ಷಕರು ಕ್ರೀಡಾಕೂಟದ ಹೆಸರಿನಲ್ಲಿ ಓಓಡಿ (ಹೊರಗಿನ ಕರ್ತವ್ಯದ ಅನುಮತಿ) ಕೇಳುತ್ತಾರೆ; ಕ್ರೀಡಾಕೂಟ ಮುಗಿದು ವಾರವಾಗಿದ್ದರೂ ಕೇಳುವುದರಲ್ಲಿ ತಪ್ಪಿಲ್ಲ. ಮೇಡಂ ಬಂದಿದ್ದರೆ, 2021ರಲ್ಲಿ ಮಂಜೂರಾದ ಶಿಶುಪಾಲನಾ ರಜೆಗೆ ಅವರು ಸುಲಭವಾಗಿ ಶಿಫಾರಸು ಮಾಡುತ್ತಾರೆಂದು ಶಿಕ್ಷಕಿಯರು ಆಸೆಪಡುತ್ತಾರೆ. ‘ನಾವು ಮಕ್ಕಳನ್ನ ಸಾಕುವಾಗ ಇದೆಲ್ಲ ಎಲ್ಲಿತ್ತಮ್ಮ?’ ಎಂಬ ಒಂದು ಮಾತಿಗೆ ಆ ಆಸೆ ಇಳಿಯುತ್ತದೆ.

ತೋಟವಿರುವ ಮೇಷ್ಟ್ರಿಗೆ ತಿಳಿಯಬೇಕಾದ್ದು ಒಂದೇ: ಹೆಡ್‌ಮೇಷ್ಟ್ರಿಗೂ ತೋಟವಿದೆಯೇ? ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯಿದ್ದ 2024ರಲ್ಲಿ ನಫೆಡ್ ಖರೀದಿಯ ನೋಂದಣಿಗೆ ರೈತರು ಸರದಿ ನಿಂತರು. ಅಂಥ ಹೊತ್ತಿನಲ್ಲಿ ರಜೆ ಚೀಟಿಯ ಮೇಲೆ ‘ಮನೆ ಕೆಲಸ’ ಎಂದು ಬರೆದರೆ ತೋಟವಿದ್ದವರು ಸಹಿ ಹಾಕಿ ರೇಟು ವಿಚಾರಿಸುತ್ತಾರೆ. ಇಲ್ಲದವರು ‘ಎಂಥ ಕೆಲಸ?’ ಎಂದು ಕೇಳುತ್ತಾರೆ.

ಎಲ್ಲಕ್ಕಿಂತ ಸಿಕ್ಕಾದ ನೋಟ ಪ್ರಭಾರಿಯದು. ಹೆಡ್‌ಮೇಷ್ಟ್ರಿಲ್ಲದ ಅಷ್ಟು ದಿನವೂ ‘ನನಗ್ಯಾಕ್ರೀ ಈ ಉಸಾಬರಿ’ ಎಂದು ಬಿ.ಇ.ಓ. ಕಚೇರಿಗೆ ಅಲೆದವರು ಇವರೇ. ಬಿಡುಗಡೆಯ ದಿನ ಬಂದಾಗ ಬೀರುವಿನ ಕೀಲಿ ಗೊಂಚಲಿನಿಂದ ಬೇಗ ಕಳಚುವುದಿಲ್ಲ. ಚಾರ್ಜ್ ಪಟ್ಟಿಯನ್ನು ಹೊಸಬರು ಓದಿ ಎಣಿಸುತ್ತಾರೆ, ಹಳಬರು ವಿವರಿಸುತ್ತಾರೆ: ಮಸೂರವಿಲ್ಲದ ಸೂಕ್ಷ್ಮದರ್ಶಕ, ಅಚ್ಚು ಕಳೆದುಕೊಂಡ ಗೋಳ, ಚಾಲೂ ಆಗದಿದ್ದರೂ ದಾಸ್ತಾನು ವಹಿಯಲ್ಲಿ ಸುಸ್ಥಿತಿಯಲ್ಲಿರುವ ಕಂಪ್ಯೂಟರುಗಳು. ಹಾಲಿನ ಪುಡಿಯ ಲೆಕ್ಕಕ್ಕೆ ಬಂದಾಗ ಇಬ್ಬರೂ ಕನ್ನಡಕ ಒರೆಸಿಕೊಳ್ಳುತ್ತಾರೆ. ಆಮೇಲೆ ಪ್ರಭಾರಿ ಯಾವ ವಿರೋಧವನ್ನೂ ತೋರಿಸುವುದಿಲ್ಲ. ಕಡತ ಎಲ್ಲಿದೆ ಎಂದರೆ ‘ಅಲ್ಲೇ ಇತ್ತಲ್ಲ ಸಾ’ ಎನ್ನುತ್ತಾರೆ, ಅಷ್ಟೆ. ಆ ‘ಅಲ್ಲೇ’ ಸಿಗಲು ಹೊಸಬರಿಗೆ ಒಂದು ತಿಂಗಳಾದರೂ ಬೇಕು.

ಅತಿಥಿ ಶಿಕ್ಷಕರ ನೋಟ ಸರಳ: ಗೌರವಧನದ ಬಿಲ್ಲಿಗೆ ಸಹಿ ಬೀಳುತ್ತದೆಯೇ? 2018–19ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಗೊಂದಲ ಬೇರೆ ಥರದ್ದು. ಒಂದೇ ಆವರಣದಲ್ಲಿ ಪ್ರಾಂಶುಪಾಲರು, ಉಪ ಪ್ರಾಂಶುಪಾಲರು, ಪ್ರಾಥಮಿಕ ವಿಭಾಗದ ಮುಖ್ಯ ಶಿಕ್ಷಕರು ಮೂವರೂ ಇರುವುದರಿಂದ ಯಾರಿಗೆ ಮೊದಲು ನಮಸ್ಕಾರ ಮಾಡಬೇಕೆಂಬುದೇ ಅಲ್ಲಿನ ಸಮಸ್ಯೆ.

ಹೊಸತನ ಪೂರ್ತಿ ಕಳೆಯುವುದು ಎಸ್ಸೆಸ್ಸೆಲ್ಸಿ ಫಲಿತಾಂಶದೊಂದಿಗೆ. ಚೆನ್ನಾಗಿ ಬಂದರೆ ವಿಷಯ ಶಿಕ್ಷಕರು ಅದನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ, ಹೆಡ್‌ಮೇಷ್ಟ್ರ ಪಾಲಿಗೆ ಸಿಹಿ ತರಿಸುವ ಖರ್ಚು. ಪರೀಕ್ಷಾ ಕೊಠಡಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದ ಮೇಲೆ ಆ ಖರ್ಚು ಹಲವು ಕಡೆ ತಪ್ಪಿದೆ. ಫಲಿತಾಂಶ ಇಳಿದು ಮೇಲಿನಿಂದ ನೋಟಿಸು ಬಂತೆಂದರೆ, ಅಲ್ಲಿಯವರೆಗೆ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದವರೆಲ್ಲ ಹೆಡ್‌ಮೇಷ್ಟ್ರ ಕೋಣೆಯೊಳಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಸಮಜಾಯಿಷಿಯ ಕರಡು ತಯಾರಾಗುತ್ತದೆ. ಪ್ರಭಾರಿಯೇ ಹಳೆಯ ಮಾದರಿಯೊಂದನ್ನು ಬೀರುವಿನಿಂದ ಒಂದೇ ಕೈಗೆ ಹುಡುಕಿ ತೆಗೆಯುತ್ತಾರೆ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅಡಿಪಾಯ ಸರಿಯಾಗಿ ಬಿದ್ದಿಲ್ಲ ಎಂಬ ವಾಕ್ಯಕ್ಕೆ ಸ್ಟಾಫ್ ರೂಮಿನ ಒಮ್ಮತ ಸಿಗುತ್ತದೆ.