ಓದಲು ಬಾರದು, ಎಣಿಸಲು ಬರುತ್ತದೆ!

ಮುಂಬೈಯ ಕುರ್ಲಾ ಪೂರ್ವದ ನೆಹರೂ ನಗರದಲ್ಲಿ ಒಂದು ಕ್ಲಿನಿಕ್ ಇದೆ ಎಂದಿಟ್ಟುಕೊಳ್ಳಿ. ಅಲ್ಲಿನ ರೋಗಿಗಳ ಫೈಲುಗಳೆಲ್ಲ ಎನ್‌ಕ್ರಿಪ್ಟ್ ಆಗಿ ಕ್ಲೌಡ್ ಸೇರಿವೆ. ಅವನ್ನು ಕಾಯುವ ಸರ್ವರ್ ಮಹಾಶಯರು ನಮ್ಮೊಂದಿಗೆ ಮಾತಿಗೆ ಸಿಕ್ಕಿದ್ದಾರೆ.

ನಾವು: ನಿಮ್ಮ ಹತ್ತಿರ ಇರುವ ಫೈಲುಗಳಲ್ಲಿ ಏನಿದೆ?

ಸರ್ವರ್: ದೇವರಾಣೆ ಗೊತ್ತಿಲ್ಲ. ಎಲ್ಲವೂ ಬೀಗ ಹಾಕಿಕೊಂಡೇ ಬರುತ್ತವೆ. ಕೀಲಿ ಡಾಕ್ಟರ ಕಂಪ್ಯೂಟರಿನಲ್ಲಿದೆ.

ನಾವು: ಓದಲು ಬಾರದವರು ಹುಡುಕಿಕೊಡುವುದು ಹೇಗೆ?

ಸರ್ವರ್: ಫೈಲಿನ ಜೊತೆ ಒಂದು ಸೂಚಿಯೂ ಬರುತ್ತದೆ. ಅದರಲ್ಲಿ ‘ಜ್ವರ’ ಎಂಬ ಪದ ಇರುವುದಿಲ್ಲ. ಆ ಪದವನ್ನು ಕೀಲಿಯ ಜೊತೆ ಅರೆದು ತೆಗೆದ, ತಲೆಬುಡವಿಲ್ಲದ ಅಕ್ಷರಸಾಲು ಇರುತ್ತದೆ. ಡಾಕ್ಟರು ಹುಡುಕಿದಾಗ ಅಂಥದೇ ಸಾಲು ಟೋಕನ್ ಆಗಿ ಬರುತ್ತದೆ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನ ಕ್ಲೋಕ್‌ರೂಮಿನವನ ಹಾಗೆ ನಾನು ಚೀಟಿ ನೋಡಿ ಪೆಟ್ಟಿಗೆ ಕೊಡುತ್ತೇನೆ, ಮುಚ್ಚಳ ತೆಗೆಯುವುದಿಲ್ಲ.

ನಾವು: ಯಾರ ಉಪಾಯ ಇದು?

ಸರ್ವರ್: 2000ದಲ್ಲಿ ಡಾನ್ ಸಾಂಗ್, ಡೇವಿಡ್ ವ್ಯಾಗ್ನರ್, ಏಡ್ರಿಯನ್ ಪೆರಿಗ್ ದಾರಿ ತೋರಿಸಿದರು. ಆಗ ಒಂದು ಪದಕ್ಕೆ ಎಲ್ಲ ಫೈಲುಗಳನ್ನೂ ಮೊದಲಿಂದ ಕೊನೆಯವರೆಗೆ ತಡಕಬೇಕಿತ್ತು. 2006ರಲ್ಲಿ ಕರ್ಟ್‌ಮೋಲಾ ಮತ್ತು ಸಂಗಡಿಗರ ಸೂಚಿ ಬಂದ ಮೇಲೆ ನನ್ನ ಬೆನ್ನುನೋವು ಹೋಯಿತು.

ನಾವು: ಅಂತೂ ರೋಗಿಗಳ ಗುಟ್ಟು ಭದ್ರ.

ಸರ್ವರ್: ಭದ್ರ, ಭದ್ರ. (ತಡೆದು) ಜುಲೈ ತಿಂಗಳೊಂದು ಬಿಟ್ಟು.

ನಾವು: ಜುಲೈಗೆ ಏನಾಗುತ್ತದೆ?

ಸರ್ವರ್: ಮೀಠಿ ನದಿ ಉಕ್ಕಿ, ಕುರ್ಲಾದ ಹಳಿಗಳ ಮೇಲೆ ನೀರು ನಿಂತು ಇಳಿಯಿತೆನ್ನಿ. ಸ್ವಲ್ಪ ದಿನಕ್ಕೆ ಒಂದೇ ಟೋಕನ್ ಮೇಲಿಂದ ಮೇಲೆ ಬರತೊಡಗುತ್ತದೆ. ಮೇ ತಿಂಗಳಲ್ಲಿ ಅದರ ಸುಳಿವೇ ಇರಲಿಲ್ಲ. ಮಲೇರಿಯಾ ಅನ್ನಲು ಕೀಲಿ ಬೇಕೇನ್ರೀ? ಇನ್ನೊಂದು ಟೋಕನ್ ವರ್ಷವಿಡೀ ಬರುತ್ತದೆ, ಕಂತೆಗಟ್ಟಲೆ ಫೈಲು ಕೇಳುತ್ತದೆ. ಅದು ಸಕ್ಕರೆ ಕಾಯಿಲೆ. ಮೊನ್ನೆ ಎರಡೂ ಟೋಕನ್ನಿಗೆ ಒಂದೇ ಫೈಲು ಹೋಯಿತು. ಪಾಪ, ಆ ಮನುಷ್ಯನಿಗೆ ಎರಡೂ ಇದೆ.

ನಾವು: ಇದು ಕದ್ದು ಓದಿದ ಹಾಗಲ್ಲವೇ?

ಸರ್ವರ್: ಓದಲಿಲ್ಲ, ಎಣಿಸಿದೆ. ಯಾವ ಟೋಕನ್ನಿಗೆ ಯಾವ ಫೈಲು ಹೋಯಿತೆಂದು ನೋಡಿಯೇ ಪದಗಳನ್ನು ಊಹಿಸಬಹುದು ಅಂತ 2012ರಲ್ಲೇ ಸಂಶೋಧಕರು ತೋರಿಸಿದ್ದಾರೆ.

ನಾವು: ತಡೆಯಲು ದಾರಿಯಿಲ್ಲವೇ?

ಸರ್ವರ್: ಇದೆಯಲ್ಲ! ಬೇಡದ ಫೈಲುಗಳನ್ನೂ ಬೆರೆಸಿ ಕೇಳಬಹುದು, ತೆಗೆದದ್ದನ್ನು ಪ್ರತಿ ಸಲ ಬೇರೆ ಜಾಗದಲ್ಲಿ ಇಡಬಹುದು. ಕೆಲಸ ನಿಧಾನ, ಬಿಲ್ಲು ಜಾಸ್ತಿ. ಬಿಲ್ಲು ಕಂಡ ಕೂಡಲೇ ಗ್ರಾಹಕರಿಗೆ ನನ್ನ ಮೇಲೆ ಅಪಾರ ನಂಬಿಕೆ ಹುಟ್ಟಿಬಿಡುತ್ತದೆ.

ನಾವು: ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸರ್ವರ್: ಅವರಿಗೆ ನನ್ನ ನಮಸ್ಕಾರ. ಆದರೆ ನನ್ನೊಬ್ಬನ ಬೆನ್ನು ಯಾಕೆ ಹತ್ತಿದ್ದೀರಿ? ಮಲೇರಿಯಾ ಅಂತ ಊಹಿಸಲು ನಾನು ಜುಲೈವರೆಗೆ ಕಾಯಬೇಕು. ಆಗಲೂ ಯಾರಿಗೆ ಬಂತು ಅನ್ನುವುದು ತಿಳಿಯದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರಿಗೆ ಈ ಕಷ್ಟವೇ ಇಲ್ಲ. ಕಂಪೌಂಡರ್ ಬಾಗಿಲಿಗೆ ಬಂದು ಕೂಗುತ್ತಾನೆ: “ಮಲೇರಿಯಾವಾಲಾ ಕೌನ್ ಹೈ? ಅಂದರ್ ಆವೋ!”